ಜಿ ಇಂದ ಎಫ್ ಶಾರ್ಪ್, ಅಲ್ಲಿಂದ ಮತ್ತೆ ಜಿ: ಡಿ-ಟ್ಯೂನರ್ ಜೊತೆ ಏಳು ವಾರ

ಮೊನ್ನೆ ಗುರುವಾರ ರಾತ್ರಿ ಹನ್ನೊಂದೂವರೆಗೆ ನನ್ನ ಬ್ಯಾಂಜೋದ ಮೂರನೇ ತಂತಿ ಕೊನೆಗೂ ದಾರಿಗೆ ಬಂತು. ಡಿ-ಟ್ಯೂನರ್, ಅಂದರೆ ನುಡಿಸುತ್ತಲೇ ತಂತಿಯ ಶ್ರುತಿ ಬದಲಿಸುವ ಬಿರಡೆ, ಇಳಿಸೋದು, ಏರಿಸೋದು, ಶ್ರುತಿ ನೋಡೋದು. ಹೀಗೆ ಐವತ್ತು ಸಲ ಮಾಡಿ ಪ್ರತಿ ಸಲವೂ ಪುಸ್ತಕದಲ್ಲಿ ಬರೆದುಕೊಂಡೆ. ಐವತ್ತರಲ್ಲಿ ನಲವತ್ತಾರು ಸಲ ಸರಿಯಾಗಿ ಜಿ ಮೇಲೆ ನಿಂತಿತು. ಉಳಿದ ನಾಲ್ಕು ಸಲ ಎರಡು ಸೆಂಟ್ (ಅರ್ಧಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಕೆಳಗೆ. ಏಳು ವಾರದ ಹಿಂದೆ ಇದೇ ತಂತಿ ಪ್ರತಿ ಸಲವೂ ಹನ್ನೆರಡು ಸೆಂಟ್ ಇಳಿದು ನಿಲ್ಲುತ್ತಿತ್ತು. ಮನೆಯಲ್ಲಿ ಎಲ್ಲರೂ ಮಲಗಿದ್ದರು, ಇಲ್ಲದಿದ್ದರೆ ಗ್ಯಾರೇಜಿನಿಂದ ಕೂಗಿ ಎಬ್ಬಿಸುತ್ತಿದ್ದೆ.

ಬಿರಡೆ ಬಿಚ್ಚಿದ್ದು, ಹೊಸದು ಕೂರಿಸಿದ್ದು, ತಂತಿ ಹಾಕಿದ್ದು ಇದನ್ನೆಲ್ಲ ಬರೆಯಲ್ಲ. ಬ್ಯಾಂಜೋ ಇಟ್ಟುಕೊಂಡವರಿಗೆ ಅದು ಗೊತ್ತು. ಬರೆಯಬೇಕಾದದ್ದು ಆ ಹನ್ನೆರಡು ಸೆಂಟಿನ ಕತೆ.

ಈ ಹುಚ್ಚು ಹತ್ತಿದ್ದು ರಾಲಿ ಊರಿನ ಬೀದಿಯಲ್ಲಿ. 2013ರಿಂದ 2024ರವರೆಗೆ ಅಂತರರಾಷ್ಟ್ರೀಯ ಬ್ಲೂಗ್ರಾಸ್ (ಬ್ಯಾಂಜೋ, ಫಿಡ್ಲ್, ಗಿಟಾರು ಕೂಡಿದ ಅಮೆರಿಕದ ಹಳ್ಳಿ ಸಂಗೀತ) ಸಂಘದ ದೊಡ್ಡ ಜಾತ್ರೆ ನಾವಿರುವ ಈ ನಾರ್ತ್ ಕೆರೊಲೈನಾದ ರಾಜಧಾನಿಯಲ್ಲೇ ನಡೆಯುತ್ತಿತ್ತು. ವಾರದ ಕೊನೆಗೆ ಫೆಯೆಟ್‌ವಿಲ್ ಸ್ಟ್ರೀಟ್ ಪೂರ್ತಿ ವೇದಿಕೆಗಳು. ಒಂದು ಮಧ್ಯಾಹ್ನ ಐದು ಜನರ ತಂಡವೊಂದು ಹಳೇ ಪದ್ಧತಿಯಲ್ಲಿ ಒಂದೇ ಮೈಕ್ ಸುತ್ತ ನಿಂತು ನುಡಿಸುತ್ತಿತ್ತು. ಸರದಿ ಬಂದವರು ಮೈಕಿನ ಹತ್ತಿರ ಸರಿಯುತ್ತಾರೆ, ಮುಗಿದ ಕೂಡಲೇ ಪಕ್ಕಕ್ಕೆ ಜಾರುತ್ತಾರೆ. ಒಬ್ಬರ ಫಿಡ್ಲ್ (ಪಿಟೀಲು) ಕಮಾನು ಇನ್ನೊಬ್ಬರ ಟೋಪಿಗೆ ತಗಲುವುದಿಲ್ಲ. ರೆಕಾರ್ಡ್ ಕೇಳಿದರೆ ಈ ಓಡಾಟದ ಸುಳಿವೇ ಸಿಗುವುದಿಲ್ಲ. ಧ್ವನಿ ಏರಿತು, ಇಳಿಯಿತು ಅಂತ ಮಾತ್ರ ಗೊತ್ತಾಗುತ್ತೆ. ಎದುರಿಗೆ ನಿಂತು ನೋಡಿದಾಗ ತಿಳಿಯಿತು, ಅಲ್ಲಿ ವಾಲ್ಯೂಮ್ ಗುಂಡಿ ಅಂದರೆ ಮನುಷ್ಯರ ಕಾಲು.

ಅಂಥ ಒಂದು ಸರದಿಯಲ್ಲಿ ಬ್ಯಾಂಜೋದವರು ಮುಂದೆ ಬಂದರು. ಬಲಗೈಯ ಮೂರು ಬೆರಳು ಓಡುತ್ತಲೇ ಇದೆ. ಎಡಗೈ ತಂತಿ ಒತ್ತುವ ಮನೆಗಳನ್ನು (ಫ್ರೆಟ್) ಬಿಟ್ಟು ನೇರ ಬಿರಡೆಗೆ ಹೋಯಿತು. ತಿರುವಿದರು, ಸ್ವರ ಜಾರಿತು, ಮತ್ತೆ ತಿರುವಿದರು, ಸ್ವರ ಹತ್ತಿ ತನ್ನ ಜಾಗದಲ್ಲಿ ಕೂತಿತು. ಧಾರವಾಡದಲ್ಲಿ ಬೆಳೆದ ನನ್ನ ಕಿವಿಗೆ ಅದು ಮೀಂಡ್! ಜಿ ಯನ್ನು ಸಾ ಅಂತ ಹಿಡಿದರೆ ಮೂರನೇ ತಂತಿ ಸಾ ಇಂದ ನಿ ಗೆ ಇಳಿಯುತ್ತೆ, ಎರಡನೇ ತಂತಿ ಗ ಇಂದ ರಿ ಗೆ. ಮನೆಯ ಮೇಲೆ ತಂತಿ ಎಳೆಯದೆ, ಬಿರಡೆಯನ್ನೇ ತಿರುಗಿಸಿ, ಅದೂ ಸಾವಿರಾರು ಜನರ ಎದುರು. ತಂತಿ ವಾಪಸ್ ಬರದಿದ್ದರೆ ಉಳಿದ ಹಾಡು ಪೂರ್ತಿ ಹಾಳು. ಆ ಧೈರ್ಯಕ್ಕೆ ಮೈ ಜುಮ್ಮೆಂದಿತು.

ಇದನ್ನು ಶುರು ಮಾಡಿದ್ದು ಬ್ಲೂಗ್ರಾಸ್ ಬ್ಯಾಂಜೋ ವಾದಕ ಅರ್ಲ್ ಸ್ಕ್ರಗ್ಸ್. 1951ರಲ್ಲಿ 'ಅರ್ಲ್ಸ್ ಬ್ರೇಕ್‌ಡೌನ್' ನುಡಿಸುವಾಗ ಸಾದಾ ಬಿರಡೆಯನ್ನೇ ಕಿವಿಯ ಅಂದಾಜಿನಲ್ಲಿ ತಿರುವಿ ಎರಡನೇ ತಂತಿಯನ್ನು ಇಳಿಸಿ ಏರಿಸಿದರು. ಆಮೇಲೆ ಬ್ಯಾಂಜೋದ ತಲೆಗೆ ತೂತು ಕೊರೆದು, ತಂತಿಯನ್ನು ಒತ್ತಿ ಬಿಡುವ ಕ್ಯಾಮ್‌ಗಳನ್ನು ತಾವೇ ಕೂರಿಸಿಕೊಂಡರು. 1952ರ 'ಫ್ಲಿಂಟ್ ಹಿಲ್ ಸ್ಪೆಷಲ್' ಅದರ ಫಲ. 1960ರ ದಶಕದಲ್ಲಿ ಬಿಲ್ ಕೀತ್ ಮತ್ತು ಡ್ಯಾನ್ ಬಂಪ್ ಸೇರಿ ಮೇಲೊಂದು ತಡೆ, ಕೆಳಗೊಂದು ತಡೆ ಇರುವ ಬಿರಡೆ ಮಾಡಿದರು. ತಿರುಪು ಬಿಗಿದು ಎರಡೂ ಸ್ವರ ಗುರುತು ಮಾಡಿಟ್ಟರೆ ಬಿರಡೆ ಅದರ ಆಚೆ ಈಚೆ ಹೋಗುವುದಿಲ್ಲ. ನಾನು ಕೂರಿಸಿದ್ದು ಆ ಜಾತಿಯದು.

ಬಿರಡೆ ಹೋಗುವುದಿಲ್ಲ, ಸರಿ. ತಂತಿ ಮಾತ್ರ ಬರುತ್ತಿರಲಿಲ್ಲ. ಜಿ ಇಂದ ಎಫ್ ಶಾರ್ಪ್‌ಗೆ ಇಳಿಸಿದರೆ ತುಸು ಮೇಲೆಯೇ ನಿಲ್ಲುತ್ತಿತ್ತು, ಏರಿಸಿದರೆ ಜಿ ಮುಟ್ಟುವ ಮೊದಲೇ ನಿಲ್ಲುತ್ತಿತ್ತು. ಮೊದಲ ಅನುಮಾನ ಬಿರಡೆಯ ಮೇಲೆ. ತಿರುಪು ಬಿಗಿದೆ, ಸಡಿಲಿಸಿದೆ, ಮತ್ತೆ ಬಿಗಿದೆ. ಕೊನೆಗೆ ಎರಡನೇ ಮತ್ತು ಮೂರನೇ ತಂತಿಯ ಬಿರಡೆಗಳನ್ನೇ ಅದಲುಬದಲು ಮಾಡಿದೆ. ರೋಗ ಮೂರನೇ ತಂತಿಯಲ್ಲೇ ಉಳಿಯಿತು. ಬಿರಡೆ ನಿರ್ದೋಷಿ. ಈ ಕೆಲಸ ಮೊದಲ ದಿನವೇ ಮಾಡಿದ್ದರೆ ಎರಡು ವಾರ ಉಳಿಯುತ್ತಿತ್ತು.

ಆಮೇಲೆ ಸುತ್ತುಗಳ ಸರದಿ. ಬಿರಡೆಗೆ ಐದಾರು ಸುತ್ತು ಒಂದರ ಮೇಲೊಂದು ಬಿದ್ದಿದ್ದವು. ಬಿಚ್ಚಿ ಎರಡೂವರೆ ಸುತ್ತು ನೀಟಾಗಿ ಹಾಕಿದೆ. ಹನ್ನೆರಡು ಇದ್ದದ್ದು ಹನ್ನೊಂದಾಯಿತು!

ಆ ರಾತ್ರಿ ತಂತಿ ಏರಿಸಿ, ಸುಮ್ಮನೆ ತಂತಿಗಳು ಬಿರಡೆಗೆ ಹೋಗುವ ಮೊದಲು ಹಾಯುವ ಮೂಳೆಯ ಪಟ್ಟಿಯಾದ ನಟ್‌ನ ಹಿಂದೆ, ಬಿರಡೆ ಕಡೆಗೆ, ತಂತಿಯ ಮೇಲೆ ಹೆಬ್ಬೆರಳು ಒತ್ತಿ ಬಿಟ್ಟೆ. 'ಟಿಣ್' ಅಂತ ಸಣ್ಣ ಸದ್ದು. ಶ್ರುತಿ ತೋರಿಸುವ ಯಂತ್ರದ ಸೂಜಿ ಜಿಗಿದು ಜಿ ಮೇಲೆ ನಿಂತಿತು. ಇಳಿಸಿ ಏರಿಸಿ ಮತ್ತೆ ಒತ್ತಿದೆ. ಮತ್ತೆ ಟಿಣ್. ಅಂದರೆ ಬಿರಡೆ ಎಳೆದದ್ದು ನಟ್ ದಾಟಿ ಈಚೆ ಬರುತ್ತಲೇ ಇಲ್ಲ, ತಂತಿ ತಾನು ಕೂರುವ ಮೂಳೆಯ ಸೀಳಿನಲ್ಲಿ ಸಿಕ್ಕಿಕೊಂಡಿದೆ. ಪೆನ್ಸಿಲ್ ಸೀಸ ಉಜ್ಜಿದೆ, ಎಲ್ಲರೂ ಮಾಡುವ ಹಾಗೆ. ಎರಡು ದಿನ ಸ್ವರ್ಗ. ಮೂರನೇ ದಿನ ಮತ್ತೆ ಟಿಣ್.

ಬೇರೆ ಬೇರೆ ದಪ್ಪದ ಲೋಹದ ಎಲೆಗಳಿರುವ ಫೀಲರ್ ಗೇಜ್ ತಂದು ಸೀಳು ಅಳೆದೆ. 11 ಥೌ (ಇಂಚಿನ ಸಾವಿರದ ಒಂದು ಭಾಗ ಒಂದು ಥೌ) ಎಲೆ ಸಲೀಸಾಗಿ ಕೂತಿತು, 13 ಥೌ ಎಲೆ ಇಳಿಯಲೇ ಇಲ್ಲ. ನನ್ನ ಮೂರನೇ ತಂತಿ 13 ಥೌ. ವಾದ್ಯವನ್ನು ಹಿಂದೆ ಇಟ್ಟುಕೊಂಡಿದ್ದವರು ತೆಳು ತಂತಿ ಹಾಕುತ್ತಿದ್ದಿರಬೇಕು, ಅದರ ಅಳತೆಗೆ ಸೀಳು ಕೊರೆಸಿದ್ದಾರೆ. ಸಾದಾ ಬಿರಡೆ ಇದ್ದಾಗ ಈ ಬಿಗಿ ಯಾರಿಗೂ ಕಾಣುವುದಿಲ್ಲ, ಒಮ್ಮೆ ಶ್ರುತಿ ಮಾಡಿದರೆ ಮುಗಿಯಿತು. ಹಾಡಿನ ಮಧ್ಯೆ ತಂತಿ ಓಡಾಡಬೇಕು ಅಂದಾಗಲೇ ಅದು ಹಲ್ಲು ಕಚ್ಚಿ ಹಿಡಿಯುತ್ತೆ.

ಇಲ್ಲಿಂದ ಅಂಗಡಿಯವರ ಪುರಾಣ. ಸಣ್ಣ ಸೀಳು ಕೊರೆಯುವ ಅರಗಳನ್ನು ಆರ್ಡರ್ ಮಾಡಿದೆ. ಹನ್ನೊಂದು ದಿನ ಕಾಯ್ದ ಮೇಲೆ ಬಂದದ್ದು ಬೇಸ್ ಗಿಟಾರಿನ ಅರಗಳ ಸೆಟ್. ಅದರಲ್ಲಿ ಅತಿ ಸಣ್ಣದೇ 45 ಥೌ. ಅದನ್ನು ಹಾಕಿದ್ದರೆ ನನ್ನ ಸೀಳು ಕಾಲುವೆಯಾಗುತ್ತಿತ್ತು. ವಾಪಸ್ ಕಳಿಸೋ ಖರ್ಚು ನನ್ನದೇ ಅಂತೆ. ಹಳೇ ನಟ್ ಕೈಕೊಟ್ಟರೆ ಇರಲಿ ಅಂತ ಇನ್ನೊಂದು ಕಡೆಯಿಂದ ಮೂಳೆಯ ತುಂಡು ತರಿಸಿದ್ದೆ. ಪೊಟ್ಟಣದ ಮೇಲೆ ಅಪ್ಪಟ ಮೂಳೆ ಅಂತ ಬರೆದಿತ್ತು. ಮರಳು ಕಾಗದಕ್ಕೆ ಉಜ್ಜಿದರೆ ಹಲ್ಲಿನ ಡಾಕ್ಟರ್ ಕೋಣೆಯ ಸುಟ್ಟ ವಾಸನೆ ಬರಬೇಕು, ಬಂದದ್ದು ಕರಗಿದ ಬಕೆಟ್ಟಿನ ವಾಸನೆ. ದುಡ್ಡು ಹೋದದ್ದಕ್ಕಿಂತ ಆ ಸುಳ್ಳಿಗೆ ಹೆಚ್ಚು ಸಿಟ್ಟು ಬಂತು.

ಸರಿಯಾದ ಅರ ಬರುವತನಕ ಸುಮ್ಮನೆ ಕೂರಲಾಗದೆ ಒಂದು ಶನಿವಾರ ಇದೇ ರಾಜ್ಯದ ಶೆಲ್ಬಿ ಊರಿಗೆ ಕಾರು ಓಡಿಸಿದೆ. ಊರ ನಡುವಿನ ಹಳೇ ಕೋರ್ಟ್ ಕಟ್ಟಡವನ್ನೇ 2014ರಲ್ಲಿ ಅರ್ಲ್ ಸ್ಕ್ರಗ್ಸ್ ಸೆಂಟರ್ ಮಾಡಿದ್ದಾರೆ. ಅವರು ಹುಟ್ಟಿದ ಫ್ಲಿಂಟ್ ಹಿಲ್ ಅದೇ ಸೀಮೆ, 1924ರ ಜನವರಿ. ಹುಡುಗನಿದ್ದಾಗ ನೂಲಿನ ಗಿರಣಿಯಲ್ಲಿ ದುಡಿದವರು. ಅಣ್ಣ ಹೊರೇಸ್ ಜೊತೆ ತಾಳದ ಅಭ್ಯಾಸ ಮಾಡುತ್ತಿದ್ದ ರೀತಿ ನನಗೆ ತುಂಬಾ ಪ್ರೀತಿ. ಇಬ್ಬರೂ ಒಟ್ಟಿಗೆ ಒಂದು ಧುನ್ ಶುರು ಮಾಡಿ, ನುಡಿಸುತ್ತಲೇ ಮನೆಯ ಸುತ್ತ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಹೊರಡುವುದು. ಹಿಂದುಗಡೆ ಎದುರಾದಾಗ ಲಯ ಕೂಡಿರಬೇಕು. ತಬಲಾ ಕಲಿಯುವ ಮಕ್ಕಳಿಗೆ ಇದನ್ನು ಯಾರಾದರೂ ಮಾಡಿಸಬೇಕು, ನಾನು ನನ್ನ ಮಗಳಿಗೆ ಮಾಡಿಸುವವನೇ.

ದಾರಿಯುದ್ದಕ್ಕೂ ಗಿಟಾರಿನ ಲೆಸ್ಟರ್ ಫ್ಲ್ಯಾಟ್ ಮತ್ತು ಸ್ಕ್ರಗ್ಸ್ ಜೋಡಿಯ ಕಾರ್ನೆಗಿ ಹಾಲ್ ಕಚೇರಿ ಹಾಕಿಕೊಂಡಿದ್ದೆ, 1962ರ ಡಿಸೆಂಬರಿನದು. ನ್ಯೂಯಾರ್ಕಿನ ಅಷ್ಟು ದೊಡ್ಡ ಸಭಾಂಗಣದಲ್ಲಿ ಜನ ಕೂಗಿ ಕೂಗಿ ಕೇಳಿದ್ದು ಏನನ್ನು ಗೊತ್ತೇ? ಮಾರ್ಥಾ ವೈಟ್ ಅನ್ನುವ ಗೋಧಿ ಹಿಟ್ಟಿನ ಜಾಹೀರಾತು ಹಾಡನ್ನು. ಆ ಕಂಪನಿ ಅವರ ರೇಡಿಯೋ ಕಾರ್ಯಕ್ರಮದ ಪ್ರಾಯೋಜಕ. ನಮ್ಮಲ್ಲಿ ಕಚೇರಿ ನಡುವೆ ಸಭಿಕರು ಎದ್ದು ನಿರ್ಮಾ ಹಾಡು ಹಾಡಿ ಅಂತ ಹಟ ಹಿಡಿದ ಹಾಗೆ. ಅಲ್ಲಿಗೇ ಮುಗಿಯಲಿಲ್ಲ. ಆ ಹಿಟ್ಟಿನಲ್ಲಿ ಉಬ್ಬಲು ಬಳಸುವ ಪದಾರ್ಥಕ್ಕೆ ಕಂಪನಿ ಇಟ್ಟ ಹೆಸರು ಹಾಟ್ ರೈಜ್. 1978ರಲ್ಲಿ ಕೊಲರಾಡೋದಲ್ಲಿ ಹುಟ್ಟಿದ ಒಳ್ಳೇ ಬ್ಲೂಗ್ರಾಸ್ ತಂಡವೊಂದು ಅದನ್ನೇ ತನ್ನ ಹೆಸರು ಮಾಡಿಕೊಂಡಿತು. ಇದೇ ಜೋಡಿ ನುಡಿಸಿದ 'ಬೆವರ್ಲಿ ಹಿಲ್‌ಬಿಲೀಸ್' ಟಿವಿ ಧಾರಾವಾಹಿಯ ಶೀರ್ಷಿಕೆ ಗೀತೆ 1963ರಲ್ಲಿ ಕಂಟ್ರಿ ಪಟ್ಟಿಯ ತುದಿಗೇರಿತು. ಬ್ಲೂಗ್ರಾಸ್ ಜನಪ್ರಿಯ ಆದದ್ದೆಲ್ಲ ಹೀಗೆ ಹಿತ್ತಲ ಬಾಗಿಲಿನಿಂದ: ಹಿಟ್ಟು, ಟಿವಿ ತಮಾಷೆ, ಸಿನಿಮಾದ ಕಾರು ಓಟ. ನನಗೆ ಇದರಲ್ಲಿ ಬೇಸರ ಇಲ್ಲ. ಜಾಹೀರಾತನ್ನೂ ಅವರು ಅದೇ ಶ್ರದ್ಧೆಯಿಂದ ನುಡಿಸಿದ್ದಾರೆ, ಕೇಳಿದರೆ ಗೊತ್ತಾಗುತ್ತೆ.

ಹೆಸರಿನ ಗೊಂದಲ ನಮ್ಮ ಕಡೆಯೂ ಕಡಿಮೆ ಇಲ್ಲ. ಅಪ್ಪನಿಗೆ ಫೋನಿನಲ್ಲಿ ಈ ಸಮಾಚಾರ ಹೇಳಿದೆ.

"ಅಲ್ಲೋ ತಮ್ಮಾ, ಬ್ಯಾಂಜೋ ಅಂದ್ರ ಗುಂಡಿ ಒತ್ತಿ ಬಾರಸ್ತಾರಲ್ಲ, ಅದs ಏನು? ಗಣಪತಿ ಮೆರವಣಗ್ಯಾಗ ಇರ್ತದಲ್ಲ?"

"ಅದಲ್ಲಪ್ಪಾ, ಅದು ಬುಲ್‌ಬುಲ್ ತರಂಗ."

"ಮತ್ತ ಎಲ್ಲಾರೂ ಬ್ಯಾಂಜೋ ಅಂತಾರಲ್ಲೋ?"

ಅಂತಾರೆ, ನಿಜ. ಜಪಾನಿನ ತೈಶೋಗೋತೋ ನಮ್ಮಲ್ಲಿ ಬುಲ್‌ಬುಲ್ ತರಂಗವಾಗಿ, ಅದಕ್ಕೆ ಅಮೆರಿಕದ ಚರ್ಮವಾದ್ಯದ ಹೆಸರು ಅಂಟಿಕೊಂಡಿತು. ಆ ಹೆಸರಿನ ಅಸಲಿ ವಾದ್ಯವೋ ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಕೈಯಲ್ಲಿ ಸೋರೆ ಬುರುಡೆಯ ಮೇಲೆ ಚರ್ಮ ಬಿಗಿದು ಹುಟ್ಟಿದ್ದು. ಮುಂದಿನ ಕೆಲಸ ಅದೇ. ಹಿತ್ತಲಲ್ಲಿ ಸೋರೆ ಬೀಜ ಊರಿದ್ದೇನೆ, ತಂಬೂರಿ ಬುರುಡೆಯ ಹಾಗೆ ದಪ್ಪ ಸಿಪ್ಪೆಯ ಜಾತಿ. ಬಳ್ಳಿ ಬೇಲಿ ಹತ್ತಿದೆ. ಕಾಯಿ ಬಲಿತು, ಕೊಯ್ದು, ಒಣಗಿ, ಒಳಗೆ ಬೀಜ ಗಲಗಲ ಅನ್ನುವ ಹೊತ್ತಿಗೆ ಮುಂದಿನ ವರ್ಷ. ಆಡಿನ ಚರ್ಮ ಎಲ್ಲಿ ಒಳ್ಳೇದು ಸಿಗುತ್ತೆ ಅಂತ ಬಲ್ಲವರು ತಿಳಿಸಿ.

ಈಗ ನಟ್ ಸೀಳಿಗೆ ವಾಪಸ್. ಬರಬೇಕಾದ ಅರ ಬರಲೇ ಇಲ್ಲ, ಆದ್ದರಿಂದ ನಾನೇ ಮಾಡಿದೆ. ಫೀಲರ್ ಗೇಜಿನಿಂದ 14 ಥೌ ಎಲೆಯೊಂದನ್ನು ಬಿಚ್ಚಿ, ಎರಡು ಮರದ ತುಂಡಿನ ನಡುವೆ ವೈಸ್‌ನಲ್ಲಿ ಬಿಗಿದು, ಮೇಲೆ ಕಾಣುವ ಅಂಚಿಗೆ ಮುಮ್ಮೂಲೆ ಅರದಿಂದ ಓರೆಯಾಗಿ ಸಣ್ಣ ಸಣ್ಣ ಕಚ್ಚು ಹಾಕಿದೆ. ಎರಡು ಇಂಚಿಗೆ ಅರವತ್ತರ ಹತ್ತಿರ ಕಚ್ಚು, ಮುಕ್ಕಾಲು ಗಂಟೆ. ಬೆರಳಿಂದ ಸವರಿದರೆ ಪುಟ್ಟ ಗರಗಸ. ಹತ್ತು ಸಲ ಎಳೆಯೋದು, ತಂತಿ ಕೂರಿಸೋದು, ನೋಡೋದು. ಆಳ ಹೆಚ್ಚಾಗಬಾರದು, ಅಗಲ ಮಾತ್ರ ಬೇಕು. ಅದಕ್ಕೆ ಎಲೆಯನ್ನು ಕೆಳಕ್ಕೆ ಒತ್ತದೆ ಪಕ್ಕಕ್ಕೆ ಒರಗಿಸಿ ಎಳೆದೆ. ಬಿಳಿ ಪುಡಿ ಬಿತ್ತು, ಹಲ್ಲಿನ ಡಾಕ್ಟರ್ ವಾಸನೆಯೂ ಬಂತು. ಹಳೇ ನಟ್ ಅಪ್ಪಟ ಮೂಳೆಯೇ!

ಅಗಲ ಸರಿಹೋದ ಮೇಲೆ ಹೊಸದೊಂದು ಕಾಟ. ತಂತಿ ಬಿಡಿಯಾಗಿ ಮೀಟಿದರೆ ಝುಂಯ್ ಅನ್ನುತ್ತಿತ್ತು. ತಂಬೂರಿಯ ಜವಾರಿ ಗೊತ್ತಿರುವವರಿಗೆ ಕಾರಣ ಕೂಡಲೇ ಹೊಳೆಯುತ್ತೆ. ಅಲ್ಲಿ ತಂತಿ ಉಬ್ಬು ಕುದುರೆಯ (ಬ್ರಿಡ್ಜ್) ಮೇಲೆ ಸವರಿಕೊಂಡು ಹೋಗಬೇಕು, ಆ ಸವರುವಿಕೆಯಿಂದಲೇ ಝೇಂಕಾರ. ಇಲ್ಲಿ ತಂತಿ ಮನೆಗಳ ಕಡೆಯ ಚೂಪು ಅಂಚಿನಿಂದ ಒಮ್ಮೆಲೇ ಹೊರಡಬೇಕು. ನನ್ನ ಕೈ ಸೀಳಿನ ಮುಂಚೂಣಿಯನ್ನು ಕೂದಲೆಳೆಯಷ್ಟು ಕೆಳಗೆ ತಿಂದಿತ್ತು, ಅಂದರೆ ಬ್ಯಾಂಜೋಗೆ ಜವಾರಿ ಆಗಿಹೋಗಿತ್ತು. ಬಿರಡೆಯ ಕಡೆಗೆ ಇಳಿಜಾರು ಬರುವಂತೆ ಹಿಂಭಾಗವನ್ನು ಇನ್ನಷ್ಟು ತೆಗೆದ ಮೇಲೆ ಝುಂಯ್ ನಿಂತಿತು. ಮೂಳೆ ಹೋದರೆ ಬರುವುದಿಲ್ಲ, ಹತ್ತು ನಿಮಿಷ ಬೆವರು.

ಆಮೇಲೂ ಒಂದು ಉಳಿದಿತ್ತು. ಮೂರನೇ ತಂತಿ ಇಳಿಸಿದರೆ ಉಳಿದ ತಂತಿಗಳು ನಾಲ್ಕು ಸೆಂಟ್ ಮೇಲೇರುತ್ತಿದ್ದವು. ಚರ್ಮದ ಮೇಲಿನ ಭಾರ ಕಡಿಮೆಯಾಗಿ ಕುದುರೆ ತುಸು ಏಳುತ್ತೆ, ಮಿಕ್ಕ ತಂತಿಗಳು ಬಿಗಿಯುತ್ತವೆ. ಹೆಡ್ (ಆ ಬಿಗಿದ ಚರ್ಮ) ತಟ್ಟಿ ನೋಡಿದೆ, ಎಫ್ ಶಾರ್ಪ್ ಹತ್ತಿರ ಇತ್ತು, ಸಡಿಲ. ಇಪ್ಪತ್ನಾಲ್ಕು ಕೊಕ್ಕೆಗಳನ್ನೂ ಎದುರುಬದುರು ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದು ಜಿ ಶಾರ್ಪ್‌ಗೆ ತಂದೆ. ನಾಲ್ಕು ಸೆಂಟ್ ಒಂದೂವರೆಗೆ ಇಳಿಯಿತು. ಜೊತೆಗೆ ಧ್ವನಿಗೂ ಹೊಸ ಖಾರ ಬಂತು. ಆಮೇಲೆ ಆ ಐವತ್ತು ಸಲದ ಪರೀಕ್ಷೆ.

ನಿನ್ನೆ ಶುಕ್ರವಾರದ ಜ್ಯಾಮ್, ಎಲ್ಲರೂ ಸೇರಿ ಸರದಿಯಲ್ಲಿ ನುಡಿಸುವ ಕೂಟ. ಹತ್ತು ಹನ್ನೆರಡು ಕುರ್ಚಿ, ಫಿಡ್ಲ್ ಅಜ್ಜ ಯಜಮಾನರು. ಎಂಬತ್ತು ದಾಟಿದವರು. ನಾನು ಶ್ರುತಿ ಮಾಡುತ್ತಿದ್ದರೆ ಪ್ರತಿ ವಾರವೂ ಅದೇ ಮಾತು: ಬ್ಯಾಂಜೋದವರ ಅರ್ಧ ಆಯುಸ್ಸು ಶ್ರುತಿ ಮಾಡೋದ್ರಲ್ಲಿ, ಇನ್ನರ್ಧ ಅಪಶ್ರುತಿ ನುಡಿಸೋದ್ರಲ್ಲಿ. ಪ್ರತಿ ವಾರವೂ ಎಲ್ಲರೂ ನಗುತ್ತಾರೆ. ನಿನ್ನೆ ನನ್ನ ಸರದಿ ಬಂದಾಗ ಅವರು ಕಮಾನಿನ ತುದಿಯಿಂದ ನನ್ನ ಬಿರಡೆ ತೋರಿಸಿ ಹುಬ್ಬು ಹಾರಿಸಿದರು. 'ಫ್ಲಿಂಟ್ ಹಿಲ್' ಎತ್ತಿಕೊಂಡೆ. ಇಳಿಸಿದೆ, ಏರಿಸಿದೆ. ಬಂದು ಕೂತಿತು. ಎರಡನೇ ಸುತ್ತು, ಎರಡೂ ತಂತಿ. ಕೂತವು. ಪಕ್ಕದ ಮ್ಯಾಂಡೊಲಿನ್ ಹುಡುಗಿ ತಾಳ ಬಿಡದೆ 'ಹೋ' ಅಂದಳು. ಅಜ್ಜ ಮುಗಿಸುವ ಸನ್ನೆಗೆ ಕಾಲೆತ್ತಬೇಕಿತ್ತು, ಎತ್ತಲಿಲ್ಲ. ಕಣ್ಣು ಮುಚ್ಚಿ ತಲೆಯಾಡಿಸುತ್ತಾ ಕಮಾನನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದರು. ಮತ್ತೊಮ್ಮೆ ಅಂತ.

ಎರಡನೇ ತಂತಿಯ ಸೀಳಿನಲ್ಲಿ ಇನ್ನೂ ಸಣ್ಣ ಟಿಣ್ ಇದೆ. ಈ ಭಾನುವಾರ ಅದಕ್ಕೆ 12 ಥೌ ಎಲೆಗೆ ಕಚ್ಚು ಹಾಕಬೇಕು.