ಶುಂಠಿ ಬೀಜಕ್ಕೆ ಅಂತ ಹೋಗಿ ಲಾಫಿಂಗ್ ತಿಂದು ಬಂದಿದ್ದು

ಶಿರಸಿ ಕಡೆ ಚೈನೀಸ್ ಸಿಗಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಸಿಗೋದೇ ಅದು. ಸಂಜೆ ಆದ್ಮೇಲೆ ಪೇಟೆಲಿ ಎಲ್ಲಿ ನಿಂತ್ರೂ ಗೋಬಿ ವಾಸನೆ, ಯಾವ ಫ್ಯಾಮಿಲಿ ರೆಸ್ಟೋರೆಂಟ್ ಬೋರ್ಡ್ ನೋಡಿದ್ರೂ ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್ ಅಂತ ಮೂರೂ ಬರ್ದಿರ್ತಾರೆ, ಒಳಗೆ ಹೋದ್ರೆ ಮೂರಕ್ಕೂ ಒಬ್ನೇ ಭಟ್ಟ, ಒಂದೇ ಬಾಣಲೆ. ಫ್ರೈಡ್ ರೈಸ್ ಹೇಳಿದ್ರೆ ಬಿಸಿ ಅನ್ನಕ್ಕೆ ಕ್ಯಾಬೇಜ್ ಸೋಯಾಸಾಸ್ ಕಲಸಿ ಕೊಡ್ತಾರೆ, ನೂಡಲ್ಸ್ ಹೇಳಿದ್ರೆ ಅದ್ರಲ್ಲಿ ಕೆಚಪ್ಪು. ಬೆಂಗಳೂರು ಬಿಟ್ಟು ಊರಿಗೆ ಬಂದ್ಮೇಲೆ ನಂಗೆ ತೋಟ, ಮನೆ, ಆಯಿ ಮಾಡೋ ಅಪ್ಪೆಹುಳಿ ಎಲ್ಲಾ ಸುಖವಾಗೇ ಇದೆ, ಟ್ರಾಫಿಕ್ಕೂ ನೆನಪಾಗಲ್ಲ ಮಾಲೂ ನೆನಪಾಗಲ್ಲ, ಆದ್ರೆ ಆಗಾಗ ಒಂದು ಒಳ್ಳೆ ಚೈನೀಸ್ ತಿನ್ನಬೇಕು ಅಂತ ಜೀವ ಬಡ್ಕೊಳತ್ತೆ. ಇದನ್ನ ಮನೇಲಿ ಹೇಳಿದ್ರೆ ಆಯಿ, "ಚೈನೀಸ್ ಬೇಕಾದ್ರೆ ಚೀನಿಕಾಯಿ ಹುಳಿ ಮಾಡಿಕೊಡ್ತಿ, ಸುಮ್ನೆ ಕೂತ್ಗ" ಅಂತಾಳೆ.

ಗೋಬಿ ಮಂಚೂರಿನ ನಾನು ಬೈತಾ ಇಲ್ಲ, ತಿಂತೀನಿ, ಜಾತ್ರೆಲಂತೂ ತಿಂದೇ ತಿಂತೀನಿ. 2024ರ ಮಾರ್ಚ್‌ನಲ್ಲಿ ಸರ್ಕಾರದವ್ರು ಗೋಬಿಗೆ ಕೃತಕ ಬಣ್ಣ ಹಾಕೋ ಹಾಗಿಲ್ಲ ಅಂತ ಆರ್ಡರ್ ಮಾಡಿದ್ರಲ್ಲ, ತೆಗೆದ 171 ಸ್ಯಾಂಪಲ್‌ನಲ್ಲಿ 107ರಲ್ಲಿ ಹಾಕಬಾರದ ಬಣ್ಣ ಸಿಕ್ಕಿತ್ತು ಅಂತ, ಅದೇ ತಿಂಗಳು ನಮ್ಮೂರ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಂದ್ಸಲ ಬರೋ ಜಾತ್ರೆ ಬೇರೆ. ಕೆಂಪಿಲ್ಲದ ಗೋಬಿನ ನೋಡಿ ಜನ ಇದೇನು ಬೆಂದಿಲ್ವಾ ಅಂತ ಕೇಳ್ತಿದ್ರು. ನಂಗೆ ಆ ಕಂದು ಬಣ್ಣದ್ದೇ ರುಚಿ ಅನ್ಸಿತ್ತು, ಬಾಯಿ ಕೆಂಪಾಗ್ದೆ ಮನೆಗೆ ಬರಬಹುದು ಅನ್ನೋದು ಇನ್ನೊಂದು ಲಾಭ. ಹಂಗೆ ನೋಡಿದ್ರೆ ಮಂಚೂರಿ ಹುಟ್ಟಿದ್ದು ಮುಂಬೈಲಿ. ಕೋಲ್ಕತಾದ ಚೀನೀ ಮನೆತನದ ನೆಲ್ಸನ್ ವಾಂಗ್ 1975ರಲ್ಲಿ ಕ್ರಿಕೆಟ್ ಕ್ಲಬ್ಬಲ್ಲಿ ಅಡುಗೆ ಮಾಡ್ತಿದ್ದಾಗ, ಗಿರಾಕಿ ಏನಾದ್ರೂ ಹೊಸದು ಕೊಡು ಅಂದಿದ್ದಕ್ಕೆ, ಶುಂಠಿ ಬೆಳ್ಳುಳ್ಳಿ ಹಸಿಮೆಣಸು ಹುರಿದು ಗರಂ ಮಸಾಲೆ ಹಾಕೋ ಜಾಗದಲ್ಲಿ ಸೋಯಾಸಾಸ್ ಹಾಕಿ ಕೋಳಿ ಬೆರೆಸಿ ಕೊಟ್ರಂತೆ. ಅದು ಕೋಳಿ ಬಿಟ್ಟು ಹೂಕೋಸು ಹಿಡ್ಕೊಂಡು ಘಟ್ಟದ ಮೇಲಿನ ನಮ್ಮಂತ ಪುಳಿಚಾರಿಗಳ ಮನೆ ಹುಡುಗ್ರ ತನಕ ಬಂದಿದ್ದು ದೊಡ್ಡ ಸಾಧನೆನೇ. ಆದ್ರೆ ನಂಗೆ ಬೇಕಾಗಿದ್ದು ಅದಲ್ಲ ಅಷ್ಟೆ.

ಮಧ್ಯದಲ್ಲಿ ಕುಮಟಾ ಹತ್ರ ಹೈವೇ ಪಕ್ಕ ಒಂದು ಗಾಡಿ ಇತ್ತು. ನೇಪಾಳದ ಹುಡುಗ. ಅನ್ನ ಬೆಳಿಗ್ಗೆನೇ ಮಾಡಿ ಹರವಿ ತಣಿಸಿ ಇಟ್ಕೊಳ್ತಿದ್ದ, ಒಲೆ ಅಂದ್ರೆ ಭರ್ರ್ ಅಂತ ಊದೋ ದೊಡ್ಡ ಬರ್ನರ್ರು, ಒಂದ್ಸಲಕ್ಕೆ ಒಂದೇ ಪ್ಲೇಟಿಗಾಗೋವಷ್ಟು ಹಾಕೋದು, ಎಷ್ಟೇ ಜನ ನಿಂತ್ಕೊಂಡು ಲೇಟಾಯ್ತು ಅಂತ ಕಿರಿಕಿರಿ ಮಾಡಿದ್ರೂ ನಾಲ್ಕು ಪ್ಲೇಟಿಂದು ಒಟ್ಟಿಗೆ ಹಾಕ್ತಿರ್ಲಿಲ್ಲ. ಗುಟ್ಟು ಇರೋದೇ ಅಲ್ಲಿ, ಬಾಣಲೆ ತುಂಬ ತುಂಬಿದ್ರೆ ಕಾವು ಇಳಿದು ತರಕಾರಿ ನೀರು ಬಿಡತ್ತೆ, ಆಮೇಲೆ ಅದು ಬೇಯತ್ತೆ, ಹುರಿಯಲ್ಲ. ಮನೆ ಗ್ಯಾಸ್ ಸ್ಟೋವಲ್ಲಿ ನಾನು ಏನ್ ಮಾಡಿದ್ರೂ ಪಲ್ಯ ಆಗೋದು ಅದಕ್ಕೇ. ಒಂದು ಮಳೆಗಾಲ ಮುಗಿದ ಮೇಲೆ ಹೋಗಿ ನೋಡಿದ್ರೆ ಗಾಡಿ ಅದೇ, ಬೋರ್ಡ್ ಅದೇ, ಹುಡುಗ ಇಲ್ಲ, ಗೋವಾಕ್ಕೆ ಹೋದ ಅಂದ್ರು. ಕಾರವಾರದಲ್ಲಿ ಡಿಸಿ ಆಫೀಸ್ ಕೆಲಸಕ್ಕೆ ಅಂತ (ನೂರಿಪ್ಪತ್ತು ಕಿಲೋಮೀಟರ್ ದೂರದ ಜಿಲ್ಲಾ ಕೇಂದ್ರ ನಮ್ದು, ಅದ್ರ ಬಗ್ಗೆ ಶುರು ಮಾಡಿದ್ರೆ ಇವತ್ತು ಮುಗಿಯಲ್ಲ) ಹೋದಾಗೆಲ್ಲ ಅಲ್ಲೂ ಹುಡುಕಿದ್ದೀನಿ, ಆದ್ರೆ ಕಾರವಾರಕ್ಕೆ ಹೋಗಿ ಮೀನು ಬಿಟ್ಟು ನೂಡಲ್ಸ್ ಕೇಳೋನನ್ನ ಹೋಟ್ಲವ್ರು ಒಂಥರಾ ನೋಡ್ತಾರೆ.

ಹೀಗಿರುವಾಗ ಭಾವ ಶುಂಠಿ ಹಾಕ್ತೀನಿ ಅಂತ ಹೊರಟ. ಅಡಿಕೆ ರೇಟು ನಂಬಕ್ಕಾಗಲ್ಲ, ಎರಡೆಕರೆ ಗದ್ದೆ ಖಾಲಿ ಬಿದ್ದಿದೆ, ಮುಂಡಗೋಡ ಕಡೆ ಒಬ್ರ ಹತ್ರ ಒಳ್ಳೆ ಬೀಜ ಇದ್ಯಂತೆ, ನೋಡ್ಕೊಂಡು ಬರೋಣ ಬಾ ಅಂದ. ಏಪ್ರಿಲ್ ಬಿಸ್ಲು. ಶಿರಸಿಯಿಂದ ಹೆಚ್ಚುಕಮ್ಮಿ ಐವತ್ತು ಕಿಲೋಮೀಟರು, ಎಕ್ಕಂಬಿ ದಾಟಿ ಮಳಗಿ ಬರೋ ಅಷ್ಟೊತ್ತಿಗೆ ಅಡಿಕೆ ತೋಟದ ತಂಪು ಹಿಂದೆ ಉಳಿದು ಬಯಲು ಶುರುವಾಗತ್ತೆ, ಗೋವಿನಜೋಳ ಕೊಯ್ದು ಖಾಲಿ ಬಿದ್ದ ಹೊಲ, ಜನರ ಮಾತೂ ಬದಲಾಗತ್ತೆ, ನಮ್ಮ ಕಡೆ "ಎಂತ" ಅನ್ನೋದು ಅಲ್ಲಿ "ಏನ್ರೀ" ಆಗತ್ತೆ. ಜಿಲ್ಲೆ ಮಾತ್ರ ಅದೇ. ಮುಂಡಗೋಡ ಮುಟ್ಟಿದ್ಮೇಲೆ ಫೋನ್ ಮಾಡಿದ್ರೆ ಶುಂಠಿಯವ್ರು ಹುಬ್ಬಳ್ಳಿ ಆಸ್ಪತ್ರೇಲಿ ಇದ್ದೀನ್ರೀ, ಮೂರು ಗಂಟೆ ಮೇಲೆ ಸಿಗ್ತೀನಿ ಅಂದ್ರು. ಆಗಿನ್ನೂ ಹನ್ನೊಂದೂವರೆ. ಭಾವನ ಮುಖ ಬಿಸಿಲಿಗಿಂತ ಕೆಂಪಾಯ್ತು. "ಹಂಗಾದ್ರೆ ಕ್ಯಾಂಪಿಗೆ ಹೋಪನ ಭಾವ, ಅಲ್ಲಿ ಎಂತಾದ್ರೂ ತಿಂಬನ" ಅಂದೆ. ನಂಗೆ ಒಳಗೊಳಗೆ ಖುಷಿನೇ.

ಕ್ಯಾಂಪ್ ಅಂದ್ರೆ ಟಿಬೆಟಿಯನ್ ನಿರಾಶ್ರಿತರ ಕ್ಯಾಂಪು, ಈ ಕಡೆಯವ್ರಿಗೆ ಹೇಳೋದು ಬೇಡ. 1966ರಲ್ಲಿ ಆಗಿನ ಮೈಸೂರು ಸರ್ಕಾರ ಜಾಗ ಕೊಟ್ಟು ಶುರುವಾಗಿದ್ದು, ಕಾಡು ಕಡಿದು ಗದ್ದೆ ಮಾಡ್ಕೊಂಡು ಕೂತ್ರು, ಆಮೇಲೆ ಲ್ಹಾಸಾ ಸುತ್ತಮುತ್ತ ಇದ್ದ ಡ್ರೆಪುಂಗ್, ಗಾಂದೆನ್ ಮಠಗಳನ್ನೂ ಇಲ್ಲೇ ಮತ್ತೆ ಕಟ್ಟಿದ್ರು. ಟೂರಿಸ್ಟ್‌ಗಳು ಬಂದು ಬಂಗಾರದ ಬುದ್ಧನ ಮುಂದೆ ಸೆಲ್ಫಿ ತಗೊಂಡು ಹೋಗ್ತಾರೆ. ನಾನೂ ಸ್ಕೂಲ್ ಟ್ರಿಪ್ಪಲ್ಲಿ ಅಷ್ಟೇ ನೋಡಿದ್ದು, ತಿಂದಿದ್ದು ಮನೆಯಿಂದ ಕಟ್ಕೊಂಡು ಹೋದ ಚಿತ್ರಾನ್ನ. ಊಟದ ಲೆಕ್ಕದಲ್ಲಿ ಆ ಜಾಗ ನನ್ನ ತಲೆಗೇ ಹೊಳೆದಿರ್ಲಿಲ್ಲ, ಐವತ್ತು ಕಿಲೋಮೀಟರಲ್ಲಿ ಇದನ್ನ ಇಟ್ಕೊಂಡು ಹುಬ್ಬಳ್ಳಿ ಗೋವಾ ಅಂತ ಮಾತಾಡ್ತಾ ಇರ್ತೀವಿ ನಾವೆಲ್ಲ.

ಲಾಮಾ ಕ್ಯಾಂಪ್ ನಂಬರ್ ಎರಡರ ಹತ್ರ ಮಠದ ಎದುರು ಗಲ್ಲಿಲಿ ಒಂದು ಸಣ್ಣ ಹೋಟ್ಲು. ನಾಲ್ಕು ಟೇಬಲ್ಲು, ಗೋಡೆಲಿ ದಲಾಯಿ ಲಾಮಾ ಫೋಟೋ, ಅದಕ್ಕೆ ಬಿಳಿ ಶಾಲು, ಕೆಂಪು ನಿಲುವಂಗಿಯ ಇಬ್ರು ಹುಡುಗ್ರು ಮೊಬೈಲಲ್ಲಿ ಕ್ರಿಕೆಟ್ ನೋಡ್ತಾ ತಿಂತಾ ಇದ್ರು. ಭಾವ ಬಾಗಿಲಲ್ಲೇ ನಿಂತ. "ತಮಾ, ಇಲ್ಲಿ ಎಲ್ಲಾ ಒಂದೇ ಪಾತ್ರೆಲಿ ಮಾಡ್ತ್ವನ?" ಅಂತ ಪಿಸುಗುಟ್ಟಿದ. ಒಳಗಿದ್ದ ಅಮ್ಮಂಗೆ ಕೇಳಿಸ್ತು, ಅರವತ್ತು ದಾಟಿರಬಹುದು, ಪಟ್ಟೆಪಟ್ಟೆ ಏಪ್ರನ್ ಕಟ್ಕೊಂಡಿದ್ರು, ಅಚ್ಚ ಮುಂಡಗೋಡ ಕನ್ನಡದಲ್ಲಿ, "ಬರ್ರಿ ಬರ್ರಿ, ವೆಜ್ಜಿಂದ ಬ್ಯಾರೆ ಐತ್ರಿ, ಒಳಗ ಬಂದು ನೋಡ್ರಿ ಬೇಕಂದ್ರ" ಅಂದ್ರು. ಭಾವ ನಿಜಕ್ಕೂ ಹೋಗಿ ನೋಡ್ಕೊಂಡು ಬಂದ. ನಾನು ನಾಚಿಕೆಯಿಂದ ಮೆನು ಕಾರ್ಡ್ ಹಿಂದೆ ಮುಖ ಇಟ್ಕೊಂಡೆ.

ವೆಜ್ ಥೆಂತುಕ್, ಒಂದು ವೆಜ್ ಚೌಮೀನ್, ಒಂದು ಲಾಫಿಂಗ್ ಹೇಳಿದ್ವಿ. ಅಡುಗೆಮನೆ ಕಾಣೋ ಹಾಗೆ ಕೂತಿದ್ದೆ. ಥೆಂತುಕ್‌ಗೆ ಅಮ್ಮ ಮೈದಾ ಮುದ್ದೆನ ಉದ್ದಕ್ಕೆ ಹೊಸೆದು, ಎರಡು ಬೆರಳಲ್ಲಿ ಒತ್ತಿ ಪಟ್ಟಿ ಮಾಡಿ, ಅದನ್ನ ಎಡಗೈ ಮೇಲೆ ನೇತು ಹಾಕ್ಕೊಂಡು ಬಲಗೈಲಿ ಚಟ್ ಚಟ್ ಅಂತ ಹರಿದು ಕುದಿಯೋ ಸಾರಿಗೆ ಎಸೀತಾ ಇದ್ರು, ನೋಡದೇನೇ, ಕ್ರಿಕೆಟ್ ನೋಡ್ತಿದ್ದ ಹುಡುಗ್ರ ಹತ್ರ ಅವರ ಭಾಷೆಲಿ ಏನೋ ಬೈತಾ. ಎಲ್ಲಾ ತುಂಡೂ ಒಂದೇ ಸೈಜು. ಸಾರಲ್ಲಿ ಮೂಲಂಗಿ, ಪಾಲಕ್, ಶುಂಠಿ, ಅಷ್ಟೇ. ಕಾರ್ನ್‌ಫ್ಲೋರ್ ಹಾಕಿ ದಪ್ಪ ಮಾಡಿದ್ದಲ್ಲ. ಚೌಮೀನೂ ಒಣ ಒಣ, ಎಳೆ ಎಳೆ ಬಿಡಿಬಿಡಿ, ಸಿಹಿ ಇಲ್ಲ, ಕೆಂಪಿಲ್ಲ, ಅಂಚಲ್ಲಿ ಸ್ವಲ್ಪ ಕರಟಿದ ವಾಸನೆ, ಆ ಕುಮಟಾ ಹುಡುಗನ ಕೈಲಿ ಬರ್ತಿತ್ತಲ್ಲ ಅದೇ.

ಆದ್ರೆ ನಾನು ಹೇಳಬೇಕಂತ ಕೂತಿದ್ದು ಲಾಫಿಂಗ್ ಬಗ್ಗೆ. ಹೆಸರುಕಾಳಿನ ಗಂಜಿಪುಡಿನ ನೀರಲ್ಲಿ ಕಾಯಿಸಿ ಪಾತ್ರೆಗೆ ಹೊಯ್ದು ತಣಿಸ್ತಾರೆ, ನಮ್ಮ ಹಾಲುಬಾಯಿ ಹಾಗೇ ನಡುಗ್ತಾ ಇರತ್ತೆ, ಅದನ್ನ ಉದ್ದುದ್ದ ಹೆಚ್ಚಿ ಮೇಲಿಂದ ಸೋಯಾ, ವಿನೆಗರ್, ಬೆಳ್ಳುಳ್ಳಿ ನೀರು, ಖಾರದೆಣ್ಣೆ. ತಣ್ಣಗೆ. ಆ ಬಿಸಿಲಿಗೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಚೀನಾದ ಸಿಚುವಾನ್ ಕಡೆ ಇದನ್ನೇ ಲಿಯಾಂಗ್‌ಫೆನ್ ಅಂತಾರೆ, ಟಿಬೆಟ್‌ಗೆ ಪಕ್ಕದ ಸೀಮೆ ಅದು. ಅಮ್ಮ ಮೇಲೆ ಒಂದು ಚಿಟಿಕೆ ಬಿಳಿ ಪುಡಿ ಉದುರಿಸಿದ್ದನ್ನ ಭಾವ ನೋಡ್ಬಿಟ್ಟ. "ಅಜಿನೊಮೊಟೊ!" ಅಂದ, ಹಾವು ಕಂಡವರ ಹಾಗೆ. ಅದು 1908ರಲ್ಲಿ ಜಪಾನಿನ ಇಕೆಡಾ ಅನ್ನೋ ಪ್ರೊಫೆಸರ್ ಸಮುದ್ರದ ಪಾಚಿ ಬೇಯಿಸಿದ ಸಾರಿಂದ ಕಂಡುಹಿಡಿದದ್ದು, ಟೊಮ್ಯಾಟೊಲೂ ಆ ಅಂಶ ತಾನಾಗೇ ಇರತ್ತೆ, ನೀನು ಪ್ರತಿ ಶನಿವಾರ ತಿನ್ನೋ ಗೋಬಿಲೂ ಇರತ್ತೆ ಅಂದೆ. ಕೊನೇದನ್ನ ಕೇಳಿ ಸುಮ್ನಾದ.

ಒಂದು ಚಮಚ ಬಾಯಿಗಿಟ್ಟ, ಎರಡನೇದು ಇಟ್ಟ, ಆಮೇಲೆ ತುಟಿ ಮುಟ್ಟಿ ನೋಡ್ಕೊಂಡ. "ತಮಾ, ಬಾಯಿ ಜುಮುಜುಮು ಹೇಳ್ತು ಮಾರಾಯ. ಇದು ಜುಮ್ಮನಕಾಯಿ ಅಲ್ದನೋ?"

ನಂಗೂ ಆಗಿಂದ ಅದೇ ಅನ್ಸ್ತಾ ಇತ್ತು, ಯಾವುದೋ ಗೊತ್ತಿರೋ ರುಚಿ, ಹೆಸ್ರು ಬರ್ತಿಲ್ಲ. ಅಮ್ಮನ್ನ ಕೇಳಿದ್ರೆ ಒಳಗಿಂದ ಒಂದು ಸ್ಟೀಲ್ ಡಬ್ಬಿ ತಂದು ಮುಚ್ಚಳ ತೆಗೆದು ತೋರಿಸಿದ್ರು, "ಯೆರ್ಮಾ ರೀ ಇದು". ಕೆಂಪುಮಿಶ್ರಿತ ಕಂದು ಬಣ್ಣದ ಒಡೆದ ಸಿಪ್ಪೆಗಳು, ನಮ್ಮ ಜುಮ್ಮನಕಾಯಿಗಿಂತ ಸಣ್ಣವು, ಒಳಗಿನ ಕರಿ ಬೀಜ ತೆಗೆದಿದ್ದು, ಮೂಗಿನ ಹತ್ರ ಹಿಡಿದ್ರೆ ಕಿತ್ತಳೆ ಸಿಪ್ಪೆ ವಾಸನೆ. ಸಿಚುವಾನ್ ಪೆಪ್ಪರ್ ಅಂತ ಬೆಂಗಳೂರಲ್ಲಿ ದುಡ್ಡು ಸುರಿದು ತಗೊಳ್ತಾರಲ್ಲ ಅದೇ ಜಾತಿ. ಜುಮ್ಮನಕಾಯಿನೂ ಅದೇ ಕುಲ, ಸಸ್ಯಶಾಸ್ತ್ರದವ್ರು ಎರಡನ್ನೂ ಝಾಂಥೋಝೈಲಂ ಅಂತಾನೇ ಕರೀತಾರೆ. ಕರಾವಳಿಲಿ ಇದನ್ನೇ ತೆಫಳ ಅಂತ ಬಂಗಡೆ ಸಾರಿಗೆ ಹಾಕೋದು, ಘಟ್ಟದ ಮೇಲೆ ನಾವು ತಂಬುಳಿ ಮಾಡೋದು. ಭಾವನ ಮನೆ ಸೊಪ್ಪಿನ ಬೆಟ್ಟದಲ್ಲಿ ಎರಡು ಮರ ಇದೆ, ಮೈತುಂಬ ಮುಳ್ಳು, ಕಾಯಿ ಕೊಯ್ಯೋರಿಲ್ಲದೆ ಹಕ್ಕಿಗಳು ತಿಂದ್ಕೊಂಡು ಹೋಗ್ತವೆ. ಈ ಮಾತು ಅಮ್ಮಂಗೆ ಹೇಳಿದ್ರೆ ಅವ್ರು ಕುರ್ಚಿ ಎಳ್ಕೊಂಡು ಕೂತೇಬಿಟ್ರು, ಯಾವ ಊರು, ಎಷ್ಟು ಸಿಗತ್ತೆ, ಒಣಗಿಸಿ ಕೊಡ್ತೀರಾ, ನಮಗ ದೂರದಿಂದ ತರಸ್ಬೇಕ್ರಿ, ತುಟ್ಟಿ ಆಗ್ತೈತಿ ಅಂತ.

ಭಾವ ಆ ಖುಷಿಲಿ ಜೋರಾಗಿ, "ಅಮ್ಮಾ, ಚೈನೀಸ್ ಅಂದ್ರೆ ಹೀಗಿರಬೇಕು ನೋಡಿ" ಅಂದ್ಬಿಟ್ಟ. ಹುಡುಗ್ರು ಮೊಬೈಲಿಂದ ತಲೆ ಎತ್ತಿದ್ರು. ಅಮ್ಮ ನಗ್ತಾನೇ, ಆದ್ರೆ ಸ್ಪಷ್ಟವಾಗಿ, "ಚೈನೀಸ್ ಅಲ್ರಿ. ಟಿಬೆಟಿಯನ್" ಅಂದ್ರು. ಚೀನಾದವ್ರು ಬಂದು ಕೂತ್ರು ಅಂತ ಊರು ಬಿಟ್ಟು ಬಂದವ್ರ ಮನೇಲಿ ಕೂತು ಹೇಳೋ ಮಾತಾ ಅದು, ಆದ್ರೆ ಭಾವಂಗೆ ಅದೆಲ್ಲ ಹೊಳೆಯೋ ಅಷ್ಟೊತ್ತಿಗೆ ಅಮ್ಮ ಇನ್ನೊಂದು ಪ್ಲೇಟ್ ಲಾಫಿಂಗ್ ತಂದಿಟ್ಟಿದ್ರು. ಚೌಮೀನ್ ಮಾತ್ರ ಚೈನೀಸ್ ಅಂತ ಆಮೇಲೆ ಅವ್ರೇ ಒಪ್ಕೊಂಡ್ರು.

ಉಪ್ಪಿನ ಬೆಣ್ಣೆ ಚಹಾ ಕುಡಿದು ನೋಡಿದ್ವಿ, ಅದು ನಮ್ಮಿಬ್ರಿಗೂ ಆಗಲಿಲ್ಲ. ಮೂರೂವರೆಗೆ ಶುಂಠಿಯವ್ರು ಸಿಕ್ಕಿದ್ರು, ಬೀಜ ಚೆನ್ನಾಗೇ ಇತ್ತು, ಗೆಡ್ಡೆ ಮುರಿದು ನೋಡಿದ್ರೆ ಕೊಳೆ ಇಲ್ಲ, ರೇಟಲ್ಲಿ ಚೌಕಾಸಿ ಮಾಡಿ ಎರಡು ಚೀಲ ಡಿಕ್ಕಿಗೆ ಹಾಕ್ಕೊಂಡು ಬಂದ್ವಿ.

ಅವತ್ತಿಂದ ಮನೇಲಿ ನನ್ನ ಪ್ರಯೋಗ ದಿಕ್ಕು ಬದಲಾಯ್ತು. ಫ್ರೈಡ್ ರೈಸ್ ಕೈಬಿಟ್ಟೆ, ದೊಡ್ಡ ಬೆಂಕಿ ಇಲ್ದೆ ಅದು ಆಗಲ್ಲ. ಖಾರದೆಣ್ಣೆಗೆ ಅಷ್ಟು ಬೆಂಕಿ ಬೇಡ, ತಾಳ್ಮೆ ಸಾಕು. ಒಣಗಿದ ಜುಮ್ಮನಕಾಯಿ ಬೀಜ ಪೂರ್ತಿ ತೆಗೀಬೇಕು, ಒಂದು ಉಳಿದ್ರೂ ಕಹಿ, ಸಿಪ್ಪೆ ಮಾತ್ರ ಬೆಚ್ಚಗೆ ಮಾಡಿ ತರಿತರಿ ಕುಟ್ಟಿ, ಬ್ಯಾಡಗಿ ಮೆಣಸಿನ ತರಿ, ಜಜ್ಜಿದ ಬೆಳ್ಳುಳ್ಳಿ, ಎಳ್ಳು ಸ್ವಲ್ಪ, ಒಂದು ಬಟ್ಟಲಲ್ಲಿ ಹಾಕಿಟ್ಟು ಮೇಲಿಂದ ಕಾದ ಶೇಂಗಾ ಎಣ್ಣೆ ಹೊಯ್ಯೋದು. ಹೊಗೆ ಬರೋ ತನಕ ಕಾಯಿಸಿ ತಕ್ಷಣ ಹೊಯ್ದ್ರೆ ಮೆಣಸು ಕರಟಿ ಕಪ್ಪಾಗತ್ತೆ, ಇಳಿಸಿ ಒಂದೆರಡು ನಿಮಿಷ ಬಿಟ್ಟು ಹೊಯ್ಯಬೇಕು. ಯೆರ್ಮಾಕ್ಕಿಂತ ನಮ್ದರ ಘಾಟು ಜಾಸ್ತಿ, ಜುಮುಜುಮು ಸ್ವಲ್ಪ ಕಮ್ಮಿ, ಲಿಂಬೆ ಎಲೆ ಥರದ ವಾಸನೆ. ಟಿಎಸ್‌ಎಸ್ ಸೂಪರ್ ಮಾರ್ಕೆಟಲ್ಲಿ ಸಿಗೋ ಸಾದಾ ನೂಡಲ್ಸ್ ಬೇಯಿಸಿ ಎರಡು ಚಮಚ ಇದನ್ನ ಕಲಸಿದ್ರೆ ನಮ್ಮೂರಿನ ಯಾವ ಹೋಟ್ಲಲ್ಲೂ ಸಿಗದ ಊಟ. ಆಯಿ ನೂಡಲ್ಸ್ ಮುಟ್ಟಲ್ಲ, ಎಣ್ಣೆ ಮಾತ್ರ ದೋಸೆಗೆ ಹಚ್ಕೊಂಡು ತಿಂದು, "ಅಡ್ಡಿಲ್ಲೆ" ಅಂದ್ಲು, ಅವಳ ಬಾಯಲ್ಲಿ ಅದಕ್ಕಿಂತ ಮೇಲಿನ ಸರ್ಟಿಫಿಕೇಟ್ ಇಲ್ಲ.

ಭಾವ ಈ ಮಳೆಗಾಲ ಕಾಯಿ ಕೊಯ್ಯಕ್ಕೆ ಆಳು ಹೇಳಿದ್ದಾನೆ, ಒಣಗಿಸಿ ಒಂದು ಡಬ್ಬಿ ಆ ಅಮ್ಮಂಗೆ ಕೊಟ್ಟು ರುಚಿ ನೋಡಿಸೋದು ಅಂತ. ಶುಂಠಿಗಿಂತ ಇದ್ರಲ್ಲೇ ದುಡ್ಡಿದೆ ಅಂತ ಲೆಕ್ಕ ಹಾಕ್ತಾ ಕೂತಿದ್ದಾನೆ, ಮುಳ್ಳುಮರ ಹತ್ತೋ ಆಳಿನ ಕೂಲಿ ಎಷ್ಟು ಅಂತ ಇನ್ನೂ ಅವ್ನಿಗೆ ಯಾರೂ ಹೇಳಿಲ್ಲ.