ಕೇಸ್ ಶೀಟಿನ ಮುನ್ನೂರು ಎಂಎಲ್

‘ಹಂಗಾದ್ರ ನಾ ಇಷ್ಟು ವರ್ಷ ಕೇಸ್ ಶೀಟಿನ್ಯಾಗ ಬರದಿದ್ದೆಲ್ಲಾ ಸುಳ್ಳೇನ್ರಿ ಮೇಡಂ?’

ಮಂಗಳವಾರದಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಕೇಳಿದವರು ನಮ್ಮ ಕಡೆಯ ಒಂದು ಆಸ್ಪತ್ರೆಯ ಹಿರಿಯ ಸಿಸ್ಟರ್. ಇನ್ನೇನು ರಿಟೈರ್ ಆಗುವವರು. ಆ ಊರಲ್ಲಿ ತಾಯಿಗೂ ಹೆರಿಗೆ ಮಾಡಿಸಿ, ಆಮೇಲೆ ಅವಳ ಮಗಳಿಗೂ ಮಾಡಿಸಿದವರು. ನಾನು ನರ್ಸಿಂಗ್ ಪಾಠ ಮಾಡುವವಳು, ಹೆರಿಗೆಯ ನಂತರದ ರಕ್ತಸ್ರಾವದ ಬಗ್ಗೆ ತರಬೇತಿ ಕೊಡಲು ಹೋಗಿದ್ದೆ.

ಕೆಂಪು ಬಣ್ಣದ ನೀರನ್ನು ಅಳೆದು 700 ಎಂಎಲ್ ತೆಗೆದುಕೊಂಡೆವು. ಒಂದಿಷ್ಟು ಬೆಡ್‌ಶೀಟಿಗೆ, ಒಂದಿಷ್ಟು ಪ್ಯಾಡಿಗೆ, ಉಳಿದದ್ದು ಟೇಬಲ್ ಅಂಚಿನಿಂದ ನೆಲಕ್ಕೆ. ಎಷ್ಟು ಹೋಗಿರಬಹುದು ಅಂತ ಎಲ್ಲರೂ ಚೀಟಿಯಲ್ಲಿ ಬರೆಯಬೇಕು. ಹುಡುಗಿಯರು ಇನ್ನೂರು, ಇನ್ನೂರೈವತ್ತು ಅಂತ ಬರೆದರು. ಹಿರಿಯ ಸಿಸ್ಟರ್ ಟೇಬಲ್ ಸುತ್ತ ಒಂದು ಸುತ್ತು ಬಂದು, ಬಗ್ಗಿ ಪ್ಯಾಡ್ ಎತ್ತಿ ನೋಡಿ, ಮುನ್ನೂರು ಅಂತ ಬರೆದರು. ಏಳು ನೂರು ಅಂದಾಗ ಆ ಪ್ಯಾಡನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತರು. ಆಗ ಕೇಳಿದ್ದು ಆ ಪ್ರಶ್ನೆ.

ಅಲ್ಲೇ ಇದ್ದ ಯುವ ಡಾಕ್ಟರೊಬ್ಬರು 350 ಬರೆದಿದ್ದರು. ‘ಇದು ಬಣ್ಣದ ನೀರು. ನಿಜವಾದ ರಕ್ತ ಆದ್ರೆ ನಮಗೆ ಗೊತ್ತಾಗುತ್ತೆ’ ಅಂದು ಫೋನ್ ನೋಡತೊಡಗಿದರು. ನನಗೆ ಆ ಮಾತು ಸ್ವಲ್ಪವೂ ಹಿಡಿಸಲಿಲ್ಲ. ನಿಜವಾದ ಹೆರಿಗೆಯಲ್ಲಿ ರಕ್ತ ಗಡ್ಡೆಗಟ್ಟುತ್ತದೆ, ಅದರ ಜೊತೆ ಒಡೆದ ನೀರು, ಮೂತ್ರ ಎಲ್ಲ ಸೇರಿರುತ್ತದೆ, ಪಕ್ಕದ ಟೇಬಲ್ಲಿನಲ್ಲಿ ಇನ್ನೊಬ್ಬಳು ನೋವು ತಿನ್ನುತ್ತಿರುತ್ತಾಳೆ. ಅಂದಾಜು ಇನ್ನಷ್ಟು ತಪ್ಪುತ್ತದೆಯೇ ಹೊರತು ಸರಿಯಾಗುವುದಿಲ್ಲ.

‘ಸುಳ್ಳಲ್ಲ ಸಿಸ್ಟರ್, ಯಾರ ಕಣ್ಣಿಗೂ ಅಷ್ಟೇ ಕಾಣೋದು’ ಅಂದೆ. ಅವರು ತಲೆ ಅಲ್ಲಾಡಿಸಿದರು. ಆಮೇಲೆ ಚಹಾ ಕುಡಿಯುವಾಗ ತಾವಾಗಿಯೇ ಹೇಳಿದರು: ‘ಒಂದು ಹುಡುಗಿಗೆ ನಾನೂರು ಅಂತ ಬರದಿದ್ದೆ. ಬಿಪಿ ಚಲೋ ಇತ್ತು, ಮಾತಾಡ್ಲಿಕತ್ತಿದ್ಲು. ಜೀವಾ ಉಳೀತ್ರಿ, ಆದ್ರ ಗರ್ಭಕೋಶ ತಗೀಬೇಕಾತು. ಚೊಚ್ಚಲ ಹೆರಿಗಿ ಅದು.’

ಬಿಪಿ ಚೆನ್ನಾಗಿತ್ತು ಅನ್ನುವುದೂ ನಿಜವೇ. ಗರ್ಭಿಣಿಯ ಮೈಯಲ್ಲಿ ರಕ್ತ ಮೊದಲಿಗಿಂತ ಜಾಸ್ತಿ ಇರುತ್ತದೆ, ಹಾಗಾಗಿ ಬಹಳ ಹೊತ್ತು ತಡೆದುಕೊಳ್ಳುತ್ತಾಳೆ. ನಾಡಿ ಮೊದಲು ಏರುತ್ತದೆ, ಬಿಪಿ ಬೀಳುವಷ್ಟರಲ್ಲಿ ತಡವಾಗಿರುತ್ತದೆ. ತುಂಬು ತಿಂಗಳಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಎಂಎಲ್ ರಕ್ತ ಹರಿಯುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳದಿದ್ದರೆ ಎಷ್ಟು ಹೊತ್ತು ಸಿಗುತ್ತದೆ, ನೀವೇ ಲೆಕ್ಕ ಹಾಕಿ.

ಆಮೇಲೆ ನಾನು ಅಳತೆಯ ಚೀಲ ತೋರಿಸಿದೆ. ಮಗು ಹುಟ್ಟಿದ ಕೂಡಲೇ ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ ಅದು. ದಾರವನ್ನು ಸೊಂಟಕ್ಕೆ ಕಟ್ಟಬೇಕು. ತುದಿ ಆಲಿಕೆಯ ಥರ ಕೆಳಗೆ ಇಳಿಬಿದ್ದಿರುತ್ತದೆ, ಅದರ ಮೇಲೆ ಎಂಎಲ್ ಗೆರೆಗಳು. ಅಷ್ಟೇ. ಕರೆಂಟೂ ಬೇಡ, ಮಷೀನೂ ಬೇಡ. ಇದು ಎಲ್ಲಿಂದ ಬಂತು ಅಂತ ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ನಮ್ಮ ಬೆಳಗಾವಿಯಿಂದ! ಅಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. 1620 ತಾಯಂದಿರು. ಅರ್ಧದಷ್ಟು ಜನರಿಗೆ ಹೆರಿಗೆ ಆದ ಕೂಡಲೇ ಗರ್ಭಕೋಶ ಮುದುಡುವಂತೆ ಮಾಡುವ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ. ಅತಿ ರಕ್ತಸ್ರಾವ 12 ಶೇಕಡದಿಂದ 6.4ಕ್ಕೆ ಇಳಿಯಿತು. ಈ ಲೆಕ್ಕ ನಂಬುವಂತೆ ಇರಬೇಕಾದರೆ ರಕ್ತವನ್ನು ಸರಿಯಾಗಿ ಅಳೆಯಬೇಕಲ್ವಾ, ಅದಕ್ಕೇ ಈ ಚೀಲ. ಕಣ್ಣಿನ ಅಂದಾಜಿಗೂ ಚೀಲಕ್ಕೂ ಹೋಲಿಸಿ ನೋಡಿದಾಗ ಕಣ್ಣಿಗೆ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯೇ ಕಂಡಿತ್ತು.

ಮಾತ್ರೆ ಕೊಟ್ಟವರು, ಚೀಲ ಕಟ್ಟಿದವರು, ಮನೆಯಲ್ಲೋ ಸಬ್‌ಸೆಂಟರಿನಲ್ಲೋ ಕನಿಷ್ಠ ಒಂದು ಗಂಟೆ ಪಕ್ಕದಲ್ಲೇ ಕೂತು ಅಳತೆ ಬರೆದವರು ಎಎನ್‌ಎಂ ಸಿಸ್ಟರುಗಳು, ಅಂದರೆ ಹಳ್ಳಿಗಳಲ್ಲಿ ಹೆರಿಗೆ ನೋಡಿಕೊಳ್ಳುವ ಸಹಾಯಕ ನರ್ಸುಗಳು. 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಬಂಧದ ಲೇಖಕರ ಸಾಲಿನಲ್ಲಿ ಅವರಲ್ಲಿ ಒಬ್ಬರ ಹೆಸರೂ ಇಲ್ಲ. ಸಂಶೋಧಕರ ಮೇಲೆ ನನಗೆ ಗೌರವ ಇದೆ, ಆದರೂ ಇದು ನನಗೆ ಚುಚ್ಚುತ್ತದೆ.

ಮುಂದೆ ಇಂಥ ಅಳತೆಯ ಚೀಲವನ್ನೇ ಹಿಡಿದುಕೊಂಡು ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ 80 ಆಸ್ಪತ್ರೆಗಳಲ್ಲಿ ಇ-ಮೋಟಿವ್ ಅಂತ ದೊಡ್ಡ ಅಧ್ಯಯನ ನಡೆಯಿತು. ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳು. 2023ರಲ್ಲಿ ಫಲಿತಾಂಶ ಬಂತು. ಅದರಲ್ಲಿ ನನಗೆ ಮರೆಯಲಾಗದ್ದು ಒಂದು ಸಂಗತಿ. ಹಳೆಯ ಪದ್ಧತಿಯ ಆಸ್ಪತ್ರೆಗಳಿಗೂ ಚೀಲ ಕೊಟ್ಟಿದ್ದರು, ಆದರೆ ಅದರಲ್ಲಿ ಗೆರೆ ಇರಲಿಲ್ಲ. ಗೆರೆ ಇದ್ದ ಕಡೆ ಸಿಸ್ಟರುಗಳು ನೂರಕ್ಕೆ 93 ಅತಿ ರಕ್ತಸ್ರಾವಗಳನ್ನು ಹಿಡಿದರು. ಇಲ್ಲದ ಕಡೆ 51. ಹಿಡಿದ ಕೂಡಲೇ ಹೊಟ್ಟೆ ನೀವುವುದು, ಗರ್ಭಕೋಶ ಮುದುಡಿಸುವ ಆಕ್ಸಿಟೋಸಿನ್, ರಕ್ತ ನಿಲ್ಲಲು ನೆರವಾಗುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ತಪಾಸಣೆ ಎಲ್ಲವನ್ನೂ ಒಂದಾದ ಮೇಲೊಂದು ಅಂತ ಕಾಯದೆ ಒಟ್ಟಿಗೇ ಶುರು ಮಾಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು, ಮೂರೂ ಸೇರಿ 60 ಶೇಕಡ ಕಡಿಮೆ. ಅಲ್ಲಿನ ಸಿಸ್ಟರುಗಳೂ ನಮ್ಮವರ ಥರವೇ ರಾತ್ರಿ ಪಾಳಿಯಲ್ಲಿ ಕೈಸಾಲದೆ ಕೆಲಸ ಮಾಡುವವರು. ಯಾರ ಕಣ್ಣೂ ಬದಲಾಗಲಿಲ್ಲ, ಅನುಭವವೂ ಒಮ್ಮೆಲೇ ಹೆಚ್ಚಲಿಲ್ಲ.

ಇಲ್ಲಿ ತಾಯಿ ತೀರಿಕೊಂಡರೆ ಮೀಟಿಂಗಿನಲ್ಲಿ ಮೊದಲು ಕೇಳುವುದೇ ‘ಸಿಸ್ಟರ್ ಯಾಕೆ ಮೊದಲೇ ಹೇಳಲಿಲ್ಲ?’ ಅಂತ. ಅಳೆಯಲು ಅವರ ಕೈಗೆ ಏನು ಕೊಟ್ಟಿದ್ದಿರಿ ಅಂತ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ‘ಬರದಿದ್ದೆಲ್ಲಾ ಸುಳ್ಳೇನ್ರಿ’ ಅಂತ ಆ ಸಿಸ್ಟರ್ ತಮ್ಮನ್ನೇ ಕೇಳಿಕೊಂಡರು. ಉತ್ತರ ಕೊಡಬೇಕಾದವರು ಬೇರೆ.

ಚೀಲ ತರಿಸಿ ಅಂದಿದ್ದಕ್ಕೆ ಅಲ್ಲಿನವರು ‘ಪ್ರತಿ ಹೆರಿಗೆಗೂ ಒಂದೊಂದಾ?’ ಅಂದರು. ಹೌದು, ಪ್ರತಿ ಹೆರಿಗೆಗೂ. ಬರುವ ತನಕ ಸುಮ್ನೆ ಕೂರಬೇಕಿಲ್ಲ, ತೂಕದ ತಕ್ಕಡಿ ಇಟ್ಟುಕೊಳ್ಳಿ. ಒಣ ಪ್ಯಾಡಿನ ತೂಕವನ್ನು ಗೋಡೆಗೆ ಬರೆದು ಅಂಟಿಸಿ, ಒದ್ದೆ ಪ್ಯಾಡಿನ ತೂಕದಲ್ಲಿ ಅದನ್ನು ಕಳೆಯಿರಿ, ಒಂದು ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಎಂಎಲ್. ಹೆರಿಗೆ ವಾರ್ಡಿಗೆ ಬೇಕಾದ ಸಾಮಾನಿನ ಪಟ್ಟಿಗೆ, ಅಂದರೆ ಇಂಡೆಂಟಿಗೆ, ಸಹಿ ಹಾಕುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮುಂದಿನ ಇಂಡೆಂಟಿನಲ್ಲಿ ದಯವಿಟ್ಟು ಗೆರೆ ಇರುವ ಚೀಲವನ್ನೇ ಬರೆಸಿ.