ಬೆನ್ನಿನ ಆಪರೇಷನ್ ಮಾಡಿಸಲಾ, ಸ್ಟಿಮ್ಯುಲೇಟರ್ ಹಾಕಿಸಲಾ?

ಕಾಲಿಗೆ ಇಳಿಯುವ ನರದ ನೋವಿನಲ್ಲಿ ವರ್ಷಗಟ್ಟಲೆ ನರಳಿದವರು ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ. ನನಗೆ ಎರಡೂ ಆಗಿವೆ, ಅದಕ್ಕೆ. ಸ್ಟಿಮ್ಯುಲೇಟರ್ ಅಂದರೆ ಬೆನ್ನುಹುರಿಯ ಪಕ್ಕ ವೈರ್ ಇಟ್ಟು, ಸಣ್ಣ ವಿದ್ಯುತ್ ಮಿಡಿತ ಕೊಟ್ಟು ನೋವು ತಗ್ಗಿಸುವ ಸಾಧನ. ನಾನು ಡಾಕ್ಟರ್ ಅಲ್ಲ. ಆದರೆ ಇವೆರಡೂ ಒಂದೇ ತೊಂದರೆಗೆ ಇರುವ ಎರಡು ಮದ್ದು ಅಂತ ತಿಳಿದುಕೊಂಡಿದ್ದರೆ ಅದನ್ನು ಮೊದಲು ಬಿಡಿ.

ನರವನ್ನು ಈಗಲೂ ಏನಾದರೂ ಒತ್ತುತ್ತಿದೆಯಾ? ಮೊದಲು ತಿಳಿಯಬೇಕಾದದ್ದು ಇದು. ಜಾರಿದ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಒತ್ತುತ್ತಿದ್ದು, ನೋವು ಇಳಿಯುವ ಜಾಗಕ್ಕೂ ಎಂಆರ್‌ಐನಲ್ಲಿ ಕಾಣುವ ನರಕ್ಕೂ ತಾಳೆಯಾದರೆ ಆಪರೇಷನ್ನಿಗೆ ಅರ್ಥವಿದೆ. ತಾಳೆ ಆಗಲೇಬೇಕು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ನೋಡಿದ್ದರು. ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಡಿಸ್ಕ್ ಉಬ್ಬಿತ್ತು! ರಿಪೋರ್ಟಿನಲ್ಲಿ 'ಬಲ್ಜ್' ಅಂತ ಬರೆದಿದ್ದರೆ ನೋವಿಗೆ ಅದೇ ಕಾರಣ ಅಂತಲ್ಲ.

ಇನ್ನೊಂದು ವಿಷಯ. ಒತ್ತಡ ತೆಗೆಯುವ ಆಪರೇಷನ್ ಕಾಲಿನ ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಸೊಂಟದ ನೋವಿಗೆ ಅಷ್ಟಾಗಿ ಇಲ್ಲ. ಸಯಾಟಿಕಾ, ಅಂದರೆ ಈ ಕಾಲಿಗೆ ಇಳಿಯುವ ನರದ ನೋವು, ಹೊಸದಾಗಿ ಶುರುವಾಗಿದ್ದರೆ ಬಹಳ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಮೂತ್ರ ಕಟ್ಟಿದರೆ, ತೊಡೆಸಂದು ಮರಗಟ್ಟಿದರೆ, ಪಾದ ಎತ್ತಲು ಆಗದಿದ್ದರೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ನನ್ನ ಡಿಸ್ಕ್ ತೆಗೆದರು, ಒತ್ತಡ ಹೋಯಿತು, ಉರಿ ಮಾತ್ರ ಉಳಿಯಿತು. ನರಕ್ಕೇ ಪೆಟ್ಟಾಗಿದ್ದರೆ ಹೀಗಾಗುತ್ತದೆ. ಒತ್ತುವುದೇ ಏನೂ ಇಲ್ಲದಾಗ ಮತ್ತೆ ಬೆನ್ನು ಕೊಯ್ದು ತೆಗೆಯುವುದಾದರೂ ಏನನ್ನು? ಸ್ಟಿಮ್ಯುಲೇಟರ್ ಬರುವುದು ಇಲ್ಲಿ. ಬೆನ್ನುಹುರಿಯಲ್ಲಿ ನೋವಿನ ಸಂಕೇತಕ್ಕೆ ಒಂದು ಗೇಟ್ ಇದೆ, ಸ್ಪರ್ಶದ ನರಗಳು ಅದನ್ನು ಮುಚ್ಚಬಲ್ಲವು ಅಂತ ಮೆಲ್ಜ್ಯಾಕ್ ಮತ್ತು ವಾಲ್ ಅನ್ನುವ ವಿಜ್ಞಾನಿಗಳು 1965ರಲ್ಲಿ ಹೇಳಿದರು. ಅದನ್ನೇ ನಂಬಿ ನಾರ್ಮನ್ ಶೀಲಿ ಅನ್ನುವ ನರಶಸ್ತ್ರಚಿಕಿತ್ಸಕರು 1967ರಲ್ಲಿ, ಆ ಸ್ಪರ್ಶದ ನರಗಳನ್ನು ವಿದ್ಯುತ್ತಿನಿಂದ ಕೆರಳಿಸುವ ಮೊದಲ ಸಾಧನವನ್ನು ರೋಗಿಯೊಬ್ಬರಿಗೆ ಅಳವಡಿಸಿದರು.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು, ಮೊದಲು ಹಾಕಿ ನೋಡಬಹುದು ಅನ್ನುವುದು. ಆಪರೇಷನ್ನಿನಲ್ಲಿ ಆ ಅವಕಾಶ ಇಲ್ಲ, ಅಲ್ವಾ? ಟ್ರಯಲ್ಲಿಗೆ ನನ್ನನ್ನು ಬೋರಲು ಮಲಗಿಸಿ, ಎಚ್ಚರವಾಗಿಯೇ ಇಟ್ಟು, ಸೂಜಿಯ ಮೂಲಕ ತೆಳ್ಳನೆಯ ವೈರ್ ಒಳಗೆ ಕಳಿಸಿದರು. 'ಜುಮ್ಮೆನ್ನುವುದು ಎಲ್ಲಿ ಗೊತ್ತಾಗುತ್ತಿದೆ?' ಅಂತ ಕೇಳುತ್ತಿದ್ದರು. 'ತೊಡೆಯಲ್ಲಿ. ಇನ್ನೂ ಕೆಳಗೆ ಬೇಕು. ಹಾಂ, ಈಗ ಪಾದಕ್ಕೆ ಬಂತು.' ನೋವಿರುವ ಜಾಗವನ್ನು ಅದು ಮುಚ್ಚುವವರೆಗೆ ವೈರನ್ನು ಚೂರುಚೂರೇ ಸರಿಸಿದರು. ಆಮೇಲೆ ಬೆನ್ನಿಗೆ ಪ್ಲಾಸ್ಟರ್, ಸೊಂಟಕ್ಕೆ ವಿದ್ಯುತ್ ಕೊಡುವ ಪೆಟ್ಟಿಗೆ. ಬಗ್ಗುವಂತಿಲ್ಲ, ತಿರುಚುವಂತಿಲ್ಲ, ಸ್ನಾನ ಇಲ್ಲ. ಅಂಗಾತ ಮಲಗಿದರೆ ಬೆನ್ನುಹುರಿ ವೈರಿಗೆ ಹತ್ತಿರವಾಗಿ ಜುಮ್ಮೆನ್ನುವುದು ಒಮ್ಮೆಲೇ ಜೋರಾಗುತ್ತಿತ್ತು, ರಿಮೋಟಿನಲ್ಲಿ ತಗ್ಗಿಸಬೇಕಿತ್ತು. ಈಗ ಜುಮ್ಮೆನ್ನದೆಯೇ ಕೆಲಸ ಮಾಡುವ ಸಾಧನಗಳೂ ಇವೆ.

ನೋವು ಅರ್ಧದಷ್ಟಾದರೂ ಇಳಿದರೆ ಟ್ರಯಲ್ ಪಾಸ್ ಅನ್ನುತ್ತಾರೆ. ನನಗೆ ಆ ಸಂಖ್ಯೆಯ ಮೇಲೆ ಪೂರ್ತಿ ಭರವಸೆ ಇಲ್ಲ. ಹೊಸ ಚಿಕಿತ್ಸೆಯ ಆಸೆಗೇ ನೋವು ಕೆಲವು ದಿನ ತಗ್ಗಬಹುದು. ಬೆನ್ನಿನ ಆಪರೇಷನ್ ಆದ ಮೇಲೂ ಕಾಲಿನ ನೋವು ಹೋಗದ 50 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 'ಬರ್ಸ್ಟ್' ಅನ್ನುವ ಬಗೆಯ ಸ್ಟಿಮ್ಯುಲೇಶನ್ ಆನ್ ಇದ್ದಾಗಲೂ ಆಫ್ ಇದ್ದಾಗಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದಕ್ಕೆ ಟ್ರಯಲ್ ದಿನಗಳಲ್ಲಿ ಎಷ್ಟು ನಡೆದಿರಿ, ಎಷ್ಟು ಹೊತ್ತು ಕೂತಿರಿ, ರಾತ್ರಿ ಎಷ್ಟು ಸಲ ಎದ್ದಿರಿ ಅಂತ ಬರೆದಿಡಿ. ಮಾತ್ರೆ ಕಡಿಮೆಯಾಯಿತಾ, ನೋಡಿ.

ಸಹಿ ಹಾಕುವ ಮೊದಲು ಕೇಳಿಕೊಳ್ಳಿ: ಇದನ್ನು ಹಾಕಿದ ಮೇಲೆ ಎಂಆರ್‌ಐ ಮಾಡಿಸಬಹುದಾ, ಬ್ಯಾಟರಿ ಎಷ್ಟು ವರ್ಷ ಬರುತ್ತದೆ, ವೈರ್ ಜರುಗಿದರೆ ಅಥವಾ ಸೋಂಕಾದರೆ ಏನು ಮಾಡುತ್ತೀರಿ. ಬ್ಯಾಟರಿ ಬದಲಿಸಲು ಮತ್ತೊಂದು ಚಿಕ್ಕ ಆಪರೇಷನ್ ಆಗಬೇಕು. ಟ್ರಯಲ್ಲಿನಲ್ಲಿ ಏನೂ ಅನಿಸದಿದ್ದರೆ, 'ಪರ್ಮನೆಂಟ್ ಹಾಕಿದ ಮೇಲೆ ಸರಿಹೋಗುತ್ತೆ' ಅಂತ ಯಾರೇ ಹೇಳಿದರೂ ಒಪ್ಪಬೇಡಿ.